ಆಂಟಾರೆಸ್ ರಾಕೆಟ್ ಸ್ಫೋಟ: ಸರಕಿನ ನೌಕೆ ನಾಶವಾದಾಗ ಜನ ಸ್ಪಂದಿಸಿದ ಬಗೆ

2014ರ ಅಕ್ಟೋಬರ್ 28ರ ಸಂಜೆ ಅಮೆರಿಕದ ವರ್ಜೀನಿಯಾ ರಾಜ್ಯದ ವಾಲಪ್ಸ್ ದ್ವೀಪದಿಂದ ಮೇಲೆದ್ದ ಆಂಟಾರೆಸ್ ರಾಕೆಟ್, ಎದ್ದ 15 ಸೆಕೆಂಡಿಗೆಲ್ಲ ಎಂಜಿನ್ ಸಿಡಿದು ನೆಲಕ್ಕೆ ಮರಳಿತು. ಅದರಲ್ಲಿ ಮನುಷ್ಯರು ಇರಲಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಆಹಾರ, ಬಿಡಿಭಾಗ, ಪ್ರಯೋಗ ಸಾಮಗ್ರಿ ಒಯ್ಯುತ್ತಿದ್ದ ಸಿಗ್ನಸ್ ಎಂಬ ಸರಕಿನ ನೌಕೆ ಅದರ ತುದಿಯಲ್ಲಿತ್ತು. ನೆಲದ ಮೇಲೂ ಯಾರಿಗೂ ಗಾಯವಾಗಲಿಲ್ಲ. ಆದರೂ ಈ ಘಟನೆ ದ್ವೀಪದ ನೆರೆಯ ಊರಿನಿಂದ ಹಿಡಿದು ಶಾಲೆಯ ತರಗತಿ, ಷೇರುಪೇಟೆ, ಪತ್ರಿಕಾ ಕಚೇರಿಗಳವರೆಗೆ ಹಲವು ಬಗೆಯ ಪ್ರತಿಕ್ರಿಯೆ ಹುಟ್ಟಿಸಿತು. ಮಾನವರಹಿತ ಉಡಾವಣೆ ವಿಫಲವಾದಾಗ ಸಮಾಜ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇಂಥ ಸೋಲುಗಳನ್ನು ಜನ ಸಾಮಾನ್ಯವಾಗಿ ಸಹಿಸಿಕೊಳ್ಳುತ್ತಾರೆ. ಆ ಸಹನೆ ನಿಂತಿರುವುದು ಅವರಿಗೆ ಸಿಗುವ ಲೆಕ್ಕದ ಮೇಲೆ: ಏನಾಯಿತು, ಯಾಕಾಯಿತು, ಮುಂದೇನು ಮಾಡುತ್ತೀರಿ ಎಂಬ ಪ್ರಶ್ನೆಗಳಿಗೆ ದೊರೆಯುವ ಉತ್ತರದ ಮೇಲೆ.

ಹಿನ್ನೆಲೆ

ಅಮೆರಿಕದ ಬಾಹ್ಯಾಕಾಶ ಷಟಲ್‌ಗಳು 2011ರಲ್ಲಿ ಹಾರಾಟ ನಿಲ್ಲಿಸಿದವು. ನಿಲ್ದಾಣಕ್ಕೆ ಸರಕು ಸಾಗಿಸುವ ಕೆಲಸವನ್ನು ನಾಸಾ ಅದಕ್ಕೂ ಮೊದಲೇ, 2008ರಲ್ಲಿ, ಎರಡು ಖಾಸಗಿ ಕಂಪನಿಗಳಿಗೆ ವಹಿಸಿತ್ತು. ಸ್ಪೇಸ್‌ಎಕ್ಸ್‌ಗೆ 12 ಯಾನಗಳಿಗೆ 160 ಕೋಟಿ ಡಾಲರ್, ಆರ್ಬಿಟಲ್ ಸೈನ್ಸಸ್‌ಗೆ 8 ಯಾನಗಳಿಗೆ 190 ಕೋಟಿ ಡಾಲರ್ ಎಂದು ಗುತ್ತಿಗೆಯಾಗಿತ್ತು. ಆರ್ಬಿಟಲ್ ಕಂಪನಿಯ ರಾಕೆಟ್ಟೇ ಆಂಟಾರೆಸ್. ನಾವು ಜ್ಯೇಷ್ಠಾ ಎಂದು ಕರೆಯುವ ನಕ್ಷತ್ರದ ಹೆಸರು ಅದು. 2013ರ ಏಪ್ರಿಲ್‌ನಿಂದ ಅದು ನಾಲ್ಕು ಸಲ ಹಾರಿ ನಾಲ್ಕರಲ್ಲೂ ಗೆದ್ದಿತ್ತು. ಈ ಐದನೆಯ ಹಾರಾಟ ಗುತ್ತಿಗೆಯ ಮೂರನೆಯ ಯಾನವಾಗಿತ್ತು.

ನೌಕೆಗೆ ಡೀಕ್ ಸ್ಲೇಟನ್ ಎಂಬ ಹೆಸರಿಟ್ಟಿದ್ದರು. ಅಮೆರಿಕದ ಮೊದಲ ಏಳು ಗಗನಯಾತ್ರಿಗಳಲ್ಲಿ ಅವರೊಬ್ಬರು. ನೌಕೆಯೊಳಗೆ 2,200 ಕಿಲೋಗೂ ಹೆಚ್ಚು ತೂಕದ ಸಾಮಾನಿತ್ತು. ಪ್ಲಾನೆಟ್ ಲ್ಯಾಬ್ಸ್ ಕಂಪನಿಯ 26 ಪುಟ್ಟ ಉಪಗ್ರಹಗಳು, ಕ್ಷುದ್ರಗ್ರಹಗಳಲ್ಲಿ ಗಣಿಗಾರಿಕೆಯ ಕನಸು ಕಂಡಿದ್ದ ಇನ್ನೊಂದು ಕಂಪನಿಯ ಪ್ರಾಯೋಗಿಕ ಉಪಗ್ರಹ, ವಿಶ್ವವಿದ್ಯಾಲಯಗಳ ಉಪಕರಣಗಳು, ಶಾಲಾ ಮಕ್ಕಳ ಪ್ರಯೋಗಗಳು ಅದರಲ್ಲಿ ಸೇರಿದ್ದವು.

ಸ್ಫೋಟ

ರಾಕೆಟ್ ಹೊರಟದ್ದು ಸ್ಥಳೀಯ ಸಮಯ ಸಂಜೆ 6 ಗಂಟೆ 22 ನಿಮಿಷಕ್ಕೆ. ಭಾರತದಲ್ಲಿ ಆಗ ಮರುದಿನದ ನಸುಕಿನ 3.52. ಮುಸ್ಸಂಜೆಯ ಶುಭ್ರ ಆಕಾಶದಲ್ಲಿ ಅದರ ಬೆಳಕು ಪೂರ್ವ ಕರಾವಳಿಯ ಎಷ್ಟೋ ಊರುಗಳಿಗೆ ಕಾಣುವುದೆಂದು ಮೊದಲೇ ಪ್ರಚಾರವಾಗಿದ್ದರಿಂದ ಜನ ಮನೆಯಂಗಳ, ಸೇತುವೆ, ಕಡಲತೀರಗಳಲ್ಲಿ ಕಾದು ನಿಂತಿದ್ದರು. ನಾಸಾ ಟಿ.ವಿ.ಯಲ್ಲಿ ನೇರಪ್ರಸಾರವೂ ಇತ್ತು.

ಎಂಜಿನ್‌ಗಳು ಶೇ 108ರ ಮಟ್ಟದಲ್ಲಿ ಉರಿಯುತ್ತಿವೆ ಎಂದು ನಿರೂಪಕರು ಹೇಳುತ್ತಿದ್ದ ಹಾಗೆಯೇ ರಾಕೆಟ್ಟಿನ ಬುಡದಲ್ಲಿ ಕಣ್ಣು ಕೋರೈಸುವ ಬೆಂಕಿ ಕಾಣಿಸಿತು. ಒತ್ತುಬಲ ಕಳೆದುಕೊಂಡ ರಾಕೆಟ್ ಕ್ಷಣಕಾಲ ನಿಂತಂತಾಗಿ ಕೆಳಗೆ ಜಾರಿತು. ನೆಲಕ್ಕೆ ಬಡಿಯುವ ಮೊದಲೇ ಸುರಕ್ಷತಾ ಅಧಿಕಾರಿ ಅದನ್ನು ನಾಶಪಡಿಸುವ ಆದೇಶ ರವಾನಿಸಿದರು. ಉಡಾವಣಾ ವೇದಿಕೆಯ ಪಕ್ಕದಲ್ಲೇ ಅದು ಬಿದ್ದಿತು. ಸೀಮೆಎಣ್ಣೆ ಮೂಲದ ಇಂಧನ ಮತ್ತು ದ್ರವ ಆಮ್ಲಜನಕ ತುಂಬಿದ್ದ ಟ್ಯಾಂಕ್‌ಗಳು ಒಟ್ಟಿಗೆ ಹೊತ್ತಿಕೊಂಡವು. ದೂರದಲ್ಲಿದ್ದವರಿಗೆ ಮೊದಲು ಬೆಳಕು ಕಂಡಿತು. ಸದ್ದು ಮತ್ತು ಎದೆಗೆ ಬಡಿಯುವ ಗಾಳಿಯ ಹೊಡೆತ ಆಮೇಲೆ ಬಂದವು. ವೇದಿಕೆಯಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿದ್ದ ಪತ್ರಕರ್ತರಿಗೆ ಎಲ್ಲವನ್ನೂ ಬಿಟ್ಟು ಬಸ್ ಹತ್ತುವಂತೆ ಸೂಚನೆ ಹೋಯಿತು.

ಯಾರಿಗೂ ಗಾಯವಾಗಲಿಲ್ಲ ಏಕೆ?

ಈ ಸುದ್ದಿ ಓದಿದ ಬಹುಪಾಲು ಜನ ಮೊದಲು ಹೇಳಿದ ಮಾತು, ಸದ್ಯ ಯಾರಿಗೂ ಏನೂ ಆಗಲಿಲ್ಲ ಎಂಬುದು. ಅದನ್ನು ದೈವಕೃಪೆ ಎಂದುಕೊಳ್ಳುವ ಮೊದಲು ಹಿಂದಿನ ದಿನ ನಡೆದದ್ದನ್ನು ನೋಡಬೇಕು.

ಆಂಟಾರೆಸ್ ಹಾರಬೇಕಿದ್ದದ್ದು ಅಕ್ಟೋಬರ್ 27ರಂದು. ಆ ದಿನ ಎಲ್ಲವೂ ಸಜ್ಜಾಗಿತ್ತು. ಆದರೆ ರಾಕೆಟ್ಟಿನ ಹಾದಿಯ ಕೆಳಗೆ ಸಮುದ್ರದಲ್ಲಿ ಗುರುತಿಸಿದ್ದ ನಿಷೇಧಿತ ವಲಯಕ್ಕೆ ದೋಣಿಯೊಂದು ನುಗ್ಗಿತು. ಉಡಾವಣೆಗೆ ಇದ್ದ ಅವಕಾಶ ಹತ್ತೇ ನಿಮಿಷ. ಅಷ್ಟರಲ್ಲಿ ದೋಣಿ ವಲಯದಿಂದ ಹೊರಹೋಗುವಂತಿರಲಿಲ್ಲ. ಉಡಾವಣೆಯನ್ನು ಮರುದಿನಕ್ಕೆ ಮುಂದೂಡಿದರು. ದೂರದೂರದಿಂದ ಬಂದು ಕಾದಿದ್ದವರು ನಿರಾಶರಾದರು. ಒಂದು ದೋಣಿಗಾಗಿ ಇಷ್ಟು ದೊಡ್ಡ ಕೆಲಸ ನಿಲ್ಲಿಸಬೇಕೇ ಎಂಬ ಬೇಸರ ಸಹಜವೇ.

ಮರುದಿನ ರಾಕೆಟ್ ಸಮುದ್ರದವರೆಗೆ ಹೋಗಲೇ ಇಲ್ಲ. ಹಾಗಾಗಿ ಆ ದೋಣಿಯ ಜಾಗದಲ್ಲಿ ಏನೂ ಬೀಳುತ್ತಿರಲಿಲ್ಲ. ಆದರೆ ದೋಣಿಯನ್ನು ದೂರ ಇಡುವ ನಿಯಮ, ವೇದಿಕೆಯ ಸುತ್ತ ಒಂದು ನರಪಿಳ್ಳೆಯೂ ಇರದಂತೆ ನೋಡಿಕೊಳ್ಳುವ ನಿಯಮ, ದಾರಿ ತಪ್ಪಿದ ರಾಕೆಟ್ಟನ್ನು ನಾಶಪಡಿಸುವ ನಿಯಮ ಮೂರೂ ಒಂದೇ ಪುಸ್ತಕದವು. ಮೊದಲ ದಿನ ಜನರ ಬೇಸರಕ್ಕೆ ಮಣಿಯದೆ ನಿಯಮ ಪಾಲಿಸಿದವರೇ ಎರಡನೆಯ ದಿನ ಅವರ ಜೀವ ಕಾದರು. ರಾಕೆಟ್ ಬೀಳಬಹುದು ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಏರ್ಪಾಡು ಅದು. ಉಡಾವಣೆ ಮುಂದೂಡಿದ ಸುದ್ದಿ ಕೇಳಿದಾಗಲೆಲ್ಲ ನಾವು ನೆನಪಿಡಬೇಕಾದ ಸಂಗತಿಯೂ ಇದೇ.

ನೆರೆಹೊರೆಯವರ ಪ್ರತಿಕ್ರಿಯೆ

ವಾಲಪ್ಸ್‌ನಲ್ಲಿ 1945ರಿಂದ ರಾಕೆಟ್ ಹಾರಿಸುತ್ತಿದ್ದಾರೆ. ಪಕ್ಕದ ಶಿಂಕಟೀಗ್ ದ್ವೀಪ ಸಿಂಪಿ ಮತ್ತು ಕಾಡುಕುದುರೆಗಳಿಗೆ ಹೆಸರಾದ ಪುಟ್ಟ ಪಟ್ಟಣ. ಅಲ್ಲಿನವರಿಗೆ ರಾಕೆಟ್ ಹೊಸದಲ್ಲ. ಉಡಾವಣೆ ನೋಡಲು ಬರುವ ಪ್ರವಾಸಿಗರಿಂದ ಅಲ್ಲಿನ ಹೋಟೆಲು, ಅಂಗಡಿಗಳಿಗೂ ವ್ಯಾಪಾರವಿದೆ. ಹಾಗಾಗಿ ಸ್ಫೋಟದ ಬಳಿಕ ಅವರಲ್ಲಿ ಎರಡು ಆತಂಕಗಳು ಒಟ್ಟಿಗೇ ಎದ್ದವು. ಒಂದು ಕಣ್ಣೆದುರಿನ ಭಯ: ಮನೆ ನಡುಗಿತು, ಹತ್ತಿರದ ಕಟ್ಟಡಗಳ ಕಿಟಕಿ ಗಾಜು ಒಡೆಯಿತು, ಗಾಳಿ ಮತ್ತು ನೀರಿಗೆ ಏನಾದರೂ ವಿಷ ಸೇರಿತೇ ಎಂಬ ಚಿಂತೆ. ಇನ್ನೊಂದು ನಾಳೆಯ ಭಯ: ಉಡಾವಣೆಗಳೇ ನಿಂತುಹೋದರೆ ಊರಿನ ಗತಿಯೇನು?

ಆ ರಾತ್ರಿಯೇ ನಾಸಾ ಮತ್ತು ಆರ್ಬಿಟಲ್ ಅಧಿಕಾರಿಗಳು ಪತ್ರಿಕಾಗೋಷ್ಠಿ ನಡೆಸಿದರು. ಚೂರುಗಳು ಸಿಕ್ಕರೆ ಮುಟ್ಟಬೇಡಿ, ನೆನಪಿಗೆಂದು ಎತ್ತಿಟ್ಟುಕೊಳ್ಳಬೇಡಿ, ನಮಗೆ ಫೋನ್ ಮಾಡಿ ಎಂದು ಆರ್ಬಿಟಲ್‌ನ ಹಿರಿಯ ಅಧಿಕಾರಿ, ಮಾಜಿ ಗಗನಯಾತ್ರಿ ಫ್ರಾಂಕ್ ಕಲ್ಬರ್ಟ್‌ಸನ್ ಜನರನ್ನು ಕೇಳಿಕೊಂಡರು. ಈ ಮನವಿಗೆ ಎರಡು ಕಾರಣಗಳಿದ್ದವು. ನೌಕೆಯಲ್ಲಿ ವಿಷಕಾರಿ ಇಂಧನವೂ ಇತ್ತು. ಅಲ್ಲದೆ ಒಂದೊಂದು ಚೂರೂ ತನಿಖೆಗೆ ಸಾಕ್ಷಿ. ಎಂಜಿನ್ನಿನ ಯಾವ ತುಂಡು ಹೇಗೆ ಸುಟ್ಟಿದೆ, ಎಲ್ಲಿ ಬಿದ್ದಿದೆ ಎಂಬುದರಿಂದಲೇ ತಜ್ಞರು ಘಟನೆಯನ್ನು ಹಿಂದಕ್ಕೆ ಓದಿಕೊಂಡು ಹೋಗುತ್ತಾರೆ. ಮುಂದಿನ ದಿನಗಳಲ್ಲಿ ಜನ ಕರೆ ಮಾಡಿ ಚೂರುಗಳ ಸುಳಿವು ಕೊಟ್ಟರು. ಸುತ್ತಲಿನ ನೀರು, ಮಣ್ಣಿನ ಮಾದರಿಗಳನ್ನೂ ಪರೀಕ್ಷಿಸಲಾಯಿತು.

ಒಂದು ಮಾತು ಮಾತ್ರ ಬೇರೆ ದಿಕ್ಕು ಹಿಡಿಯಿತು. ನೌಕೆಯಲ್ಲಿ ಗುಪ್ತಸಂಕೇತದ ಸಂವಹನ ಉಪಕರಣ ಇರುವುದರಿಂದ ಜಾಗಕ್ಕೆ ಕಾವಲು ಬೇಕೆಂಬ ಸೂಚನೆ ನಿಯಂತ್ರಣ ಕೊಠಡಿಯಿಂದ ಹೊರಟು ನೇರಪ್ರಸಾರದಲ್ಲಿ ಎಲ್ಲರ ಕಿವಿಗೂ ಬಿತ್ತು. ನಿಲ್ದಾಣದೊಡನೆ ಸುರಕ್ಷಿತವಾಗಿ ಸಂಪರ್ಕ ಸಾಧಿಸಲು ಬೇಕಾದ ಸಾಮಗ್ರಿ ಅದು. ಆದರೆ ಗುಪ್ತ ಎಂಬ ಪದ ಸಿಕ್ಕ ಮೇಲೆ ಊಹಾಪೋಹಗಳಿಗೆ ಬರವಿರಲಿಲ್ಲ. ವಿವರಣೆ ತಡವಾದಲ್ಲಿ ವದಂತಿ ಮುಂದಾಗುತ್ತದೆ.

ಮಕ್ಕಳ ಪ್ರಯೋಗಗಳು

ನಷ್ಟದ ಅಂದಾಜು 20 ಕೋಟಿ ಡಾಲರ್ ದಾಟಿತ್ತು. ಅಷ್ಟು ದೊಡ್ಡ ಮೊತ್ತದಲ್ಲಿ ಲೆಕ್ಕಕ್ಕೇ ಬಾರದ ಕೆಲವು ಪುಟ್ಟ ನಳಿಕೆಗಳೂ ಸುಟ್ಟುಹೋದವು. ಶಾಲಾ ಮಕ್ಕಳ ಬಾಹ್ಯಾಕಾಶ ಪ್ರಯೋಗ ಯೋಜನೆಯೊಂದರ ಅಡಿಯಲ್ಲಿ ಅಮೆರಿಕ ಮತ್ತು ಕೆನಡಾದ ವಿದ್ಯಾರ್ಥಿಗಳು ರೂಪಿಸಿದ್ದ 18 ಪ್ರಯೋಗಗಳು ಸಿಗ್ನಸ್‌ನಲ್ಲಿದ್ದವು.

ಈ ಪ್ರಯೋಗಗಳ ಸಲಕರಣೆ ತೀರ ಸರಳ. ಗೇಣುದ್ದಕ್ಕೂ ಕಡಿಮೆಯ ಮೆದುವಾದ ನಳಿಕೆ, ಅದನ್ನು ಎರಡು ಮೂರು ಭಾಗವಾಗಿ ಬಿಗಿಯುವ ಕ್ಲಿಪ್‌ಗಳು. ಒಂದು ಭಾಗದಲ್ಲಿ ಬೀಜ ಅಥವಾ ಸೂಕ್ಷ್ಮಜೀವಿ, ಇನ್ನೊಂದರಲ್ಲಿ ನೀರು ಅಥವಾ ಪೋಷಕ ದ್ರಾವಣ. ಗಗನಯಾತ್ರಿ ಕ್ಲಿಪ್ ಬಿಚ್ಚಿ ನಳಿಕೆಯನ್ನು ಅಲುಗಿಸಿದರೆ ಎರಡೂ ಬೆರೆತು ಪ್ರಯೋಗ ಶುರುವಾಗುತ್ತದೆ. ಇಷ್ಟಕ್ಕಾಗಿ ಮಕ್ಕಳು ತಿಂಗಳುಗಟ್ಟಲೆ ಪ್ರಸ್ತಾವ ಬರೆದು, ಬೇರೆ ತಂಡಗಳೊಡನೆ ಸ್ಪರ್ಧಿಸಿ, ತಜ್ಞರ ಪರಿಶೀಲನೆ ದಾಟಿ ಬಂದಿದ್ದರು. ಗೆದ್ದ ಪ್ರಯೋಗ ರಾಕೆಟ್ ಏರುವುದನ್ನು ಶಾಲೆಗೆ ಶಾಲೆಯೇ ಕಾಯುತ್ತಿತ್ತು.

ಸರಕು ತಾನೇ ಹೋದದ್ದು ಎಂಬ ಮಾತು ಆ ಮಕ್ಕಳ ಮುಂದೆ ನಿಲ್ಲುವುದಿಲ್ಲ. ಅವರ ಶಿಕ್ಷಕರು ಮತ್ತು ಯೋಜನೆಯ ಹಿರಿಯರು ಮಾಡಿದ ಕೆಲಸ ಮೆಚ್ಚಬೇಕಾದದ್ದು. ಸೋಲನ್ನು ಮುಚ್ಚಿಡದೆ, ವಿಜ್ಞಾನದಲ್ಲಿ ಇದೂ ಒಂದು ಹಂತ ಎಂದು ಹೇಳಿ, ಮತ್ತೆ ಕೈಹಚ್ಚಲು ಅವಕಾಶ ಒದಗಿಸಿದರು. ಹೆಚ್ಚಿನ ತಂಡಗಳು ಕೆಲವೇ ವಾರಗಳಲ್ಲಿ ನಳಿಕೆಗಳನ್ನು ಹೊಸದಾಗಿ ತುಂಬಿ ಕಳಿಸಿದವು. 2015ರ ಜನವರಿ 10ರಂದು ಸ್ಪೇಸ್‌ಎಕ್ಸ್ ರಾಕೆಟ್ ಏರಿ ಅವು ನಿಲ್ದಾಣ ಸೇರಿದವು. ಸಾಂತ್ವನದ ನೂರು ಮಾತಿಗಿಂತ ಎರಡನೆಯ ಅವಕಾಶ ಹೆಚ್ಚು ಎಂಬುದಕ್ಕೆ ಇದು ಸಾಕ್ಷಿ.

ಹಳೆಯ ಎಂಜಿನ್ ಮತ್ತು ಜನರ ಸಿಟ್ಟು

ಮರುದಿನ ಆರ್ಬಿಟಲ್ ಷೇರಿನ ಬೆಲೆ ಸುಮಾರು ಶೇ 17ರಷ್ಟು ಕುಸಿಯಿತು. ಪತ್ರಿಕೆಗಳ ಗಮನ ಮಾತ್ರ ಒಂದೇ ಸಂಗತಿಯ ಮೇಲೆ ನೆಟ್ಟಿತು: ಆ ರಾಕೆಟ್ಟಿನ ಎಂಜಿನ್‌ಗಳು 40 ವರ್ಷಕ್ಕೂ ಹಳೆಯವು, ಅದೂ ಸೋವಿಯತ್ ಕಾಲದವು.

ಇದರ ಕಥೆ ಸ್ವಾರಸ್ಯದ್ದು. ಚಂದ್ರನಿಗೆ ಮನುಷ್ಯರನ್ನು ಕಳಿಸಲು ಸೋವಿಯತ್ ಒಕ್ಕೂಟ ಎನ್-1 ಎಂಬ ಬೃಹತ್ ರಾಕೆಟ್ ಕಟ್ಟಿತ್ತು. 1969ರಿಂದ 1972ರವರೆಗೆ ನಡೆದ ಅದರ ನಾಲ್ಕೂ ಉಡಾವಣೆಗಳು ವಿಫಲವಾದವು. ಅದರ ಸುಧಾರಿತ ಆವೃತ್ತಿಗಾಗಿ ಎಂಜಿನ್ ವಿನ್ಯಾಸಕ ಕುಜ್ನೆತ್ಸೋವ್ ಅವರ ತಂಡ ತಯಾರಿಸಿದ ಎಂಜಿನ್ ಎನ್‌ಕೆ-33. ಯೋಜನೆ ರದ್ದಾದ ಮೇಲೆ ಅವುಗಳನ್ನು ನಾಶಪಡಿಸಲು ಆದೇಶವಿದ್ದರೂ ಹತ್ತಾರು ಎಂಜಿನ್‌ಗಳು ಗೋದಾಮಿನಲ್ಲಿ ಉಳಿದುಕೊಂಡವು. 1990ರ ದಶಕದಲ್ಲಿ ಅಮೆರಿಕದ ಏರೋಜೆಟ್ ಕಂಪನಿ ಅವನ್ನು ಕೊಂಡು, ಹೊಸ ತಂತಿ, ಹೊಸ ನಿಯಂತ್ರಣ ವ್ಯವಸ್ಥೆ ಅಳವಡಿಸಿ ಎಜೆ-26 ಎಂಬ ಹೆಸರಿನಲ್ಲಿ ಮಾರಿತು. ತೂಕಕ್ಕೆ ಹೋಲಿಸಿದರೆ ಅದರ ಒತ್ತುಬಲ ಅಪರೂಪದ್ದು. ಬೆಲೆಯೂ ಕಡಿಮೆ.

ಆದರೆ ಎಚ್ಚರಿಕೆಯ ಗಂಟೆಗಳೂ ಮೊಳಗಿದ್ದವು. 2011ರ ಜೂನ್‌ನಲ್ಲಿ ಮಿಸಿಸಿಪ್ಪಿಯ ಸ್ಟೆನಿಸ್ ಕೇಂದ್ರದ ನೆಲಪರೀಕ್ಷೆಯಲ್ಲಿ ಒಂದು ಎಂಜಿನ್ ಹೊತ್ತಿಕೊಂಡಿತ್ತು. 2014ರ ಮೇ ತಿಂಗಳಲ್ಲಿ, ಎಂದರೆ ಅಪಘಾತಕ್ಕೆ ಐದೇ ತಿಂಗಳ ಮೊದಲು, ಇನ್ನೊಂದು ಎಂಜಿನ್ ಅಲ್ಲಿಯೇ ಪರೀಕ್ಷೆಯ ವೇಳೆ ನಾಶವಾಗಿತ್ತು. ಸ್ಪೇಸ್‌ಎಕ್ಸ್‌ನ ಇಲಾನ್ ಮಸ್ಕ್ 2012ರಲ್ಲೇ ಸಂದರ್ಶನವೊಂದರಲ್ಲಿ ಈ ಹಳೆಯ ಎಂಜಿನ್‌ಗಳನ್ನು ಗೇಲಿ ಮಾಡಿದ್ದರು. ಸ್ಫೋಟದ ದಿನ ಅವರು ವಿಷಾದ ಸೂಚಿಸಿದರೂ ಜನ ಹಳೆಯ ಸಂದರ್ಶನವನ್ನೇ ಹುಡುಕಿ ಹಂಚಿಕೊಂಡರು.

ಜನರ ಪ್ರಶ್ನೆ ನ್ಯಾಯವಾದದ್ದೇ. ತೆರಿಗೆ ಹಣದ ಗುತ್ತಿಗೆಯಲ್ಲಿ ಇಷ್ಟು ಹಳೆಯ ಯಂತ್ರ ಏಕೆ ಎಂದು ಕೇಳುವ ಹಕ್ಕು ಅವರಿಗಿದೆ. ಆದರೆ ಹಳೆಯದು ಎಂಬ ಒಂದೇ ಕಾರಣಕ್ಕೆ ತೀರ್ಪು ಕೊಡುವುದೂ ಅವಸರವೇ. ಹಿಂದಿನ ನಾಲ್ಕು ಹಾರಾಟಗಳಲ್ಲಿ ಇವೇ ಎಂಜಿನ್‌ಗಳು ಕೆಲಸ ಮಾಡಿದ್ದವು. ದೋಷ ವಯಸ್ಸಿನದೋ, ವಿನ್ಯಾಸದ್ದೋ, ತಯಾರಿಕೆಯದೋ ಎಂಬುದು ತನಿಖೆಯಿಂದಷ್ಟೇ ತಿಳಿಯಬೇಕಿತ್ತು.

ನಿಲ್ದಾಣದಲ್ಲಿದ್ದವರ ಸ್ಥಿತಿ

ಮೇಲಿರುವವರು ಉಪವಾಸ ಬೀಳುತ್ತಾರೆಯೇ ಎಂಬುದು ಸಾಮಾನ್ಯ ಜನರ ಇನ್ನೊಂದು ಪ್ರಶ್ನೆ. ಇದಕ್ಕೆ ಉತ್ತರ ಒಂಬತ್ತು ಗಂಟೆಯೊಳಗೆ ಸಿಕ್ಕಿತು. ಮೊದಲೇ ನಿಗದಿಯಾಗಿದ್ದಂತೆ ಅಕ್ಟೋಬರ್ 29ರಂದು ರಷ್ಯದ ಪ್ರೋಗ್ರೆಸ್ ಸರಕಿನ ನೌಕೆ ಕಜಕಸ್ತಾನದ ಬೈಕನೂರಿನಿಂದ ಹೊರಟು ಆರು ತಾಸಿನಲ್ಲಿ ನಿಲ್ದಾಣ ಸೇರಿತು. ಮುಂದಿನ ಮಾರ್ಚ್‌ವರೆಗೆ ಸಾಲುವಷ್ಟು ದಾಸ್ತಾನು ಇದೆಯೆಂದು ನಾಸಾ ತಿಳಿಸಿತು. ಒಂದು ನೌಕೆ ತಪ್ಪಿದರೂ ಬದುಕು ನಿಲ್ಲದಂತೆ ತಿಂಗಳುಗಳ ಸಾಮಗ್ರಿ ಕೂಡಿಡುವುದು, ಬೇರೆ ಬೇರೆ ದೇಶ ಮತ್ತು ಕಂಪನಿಗಳ ರಾಕೆಟ್‌ಗಳನ್ನು ಬಳಸುವುದು ನಿಲ್ದಾಣದ ನೀತಿ.

ಮೂರು ದಿನಗಳ ಬಳಿಕ

ಅಕ್ಟೋಬರ್ 31ರಂದು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಮೇಲೆ ವರ್ಜಿನ್ ಗ್ಯಾಲಕ್ಟಿಕ್ ಕಂಪನಿಯ ಸ್ಪೇಸ್‌ಶಿಪ್‌ಟು ಬಾಹ್ಯಾಕಾಶ ವಿಮಾನ ಪರೀಕ್ಷಾ ಹಾರಾಟದಲ್ಲಿ ಮುರಿದು ಬಿದ್ದು ಸಹಪೈಲಟ್ ಮೈಕೆಲ್ ಆಲ್ಸ್‌ಬರಿ ಮಡಿದರು. ಎರಡೂ ಘಟನೆಗಳಿಗೆ ತಾಂತ್ರಿಕವಾಗಿ ಏನೇನೂ ಸಂಬಂಧವಿರಲಿಲ್ಲ. ಆದರೆ ಪತ್ರಿಕೆಗಳು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಖಾಸಗಿ ಬಾಹ್ಯಾಕಾಶಕ್ಕೆ ಕೆಟ್ಟ ವಾರ ಎಂದು ಬಣ್ಣಿಸಿದವು. ವಾಲಪ್ಸ್‌ನಲ್ಲಿ ಹೋದದ್ದನ್ನು ಮತ್ತೆ ಕಟ್ಟಬಹುದಿತ್ತು. ಮೊಹಾವಿಯಲ್ಲಿ ಹೋದ ಜೀವ ಮರಳುವಂಥದ್ದಲ್ಲ. ಮೊದಲ ಘಟನೆಯನ್ನು ಜನ ಬೇಗ ಮರೆತದ್ದಕ್ಕೂ ಇದೇ ಕಾರಣ.

ತನಿಖೆ ಹೇಳಿದ್ದೇನು?

ಸ್ಫೋಟವಾಗಿ ಎಂಟು ದಿನಕ್ಕೆ, ನವೆಂಬರ್ 5ರಂದು, ಆರ್ಬಿಟಲ್ ಮುಖ್ಯಸ್ಥ ಡೇವಿಡ್ ಥಾಂಪ್ಸನ್ ಜನರ ಮುಂದೆ ಬಂದು ಎಂಜಿನ್ನಿನ ಟರ್ಬೊಪಂಪಿನ ಮೇಲೆ ಅನುಮಾನವಿದೆ ಎಂದರು. ಎಜೆ-26ರ ಬಳಕೆ ಬಹುತೇಕ ನಿಲ್ಲಿಸುವುದಾಗಿಯೂ, ಹೊಸ ಎಂಜಿನ್ ಬರುವವರೆಗೆ ಬೇರೆ ಕಂಪನಿಯ ರಾಕೆಟ್ಟಿನಲ್ಲಿ ಸಿಗ್ನಸ್ ಕಳಿಸಿ ಗುತ್ತಿಗೆ ಪೂರೈಸುವುದಾಗಿಯೂ ತಿಳಿಸಿದರು.

ನಾಸಾ ನೇಮಿಸಿದ ಸ್ವತಂತ್ರ ತಂಡದ ವರದಿಯ ಸಾರಾಂಶ 2015ರ ಅಕ್ಟೋಬರ್‌ನಲ್ಲಿ ಹೊರಬಂತು. ದ್ರವ ಆಮ್ಲಜನಕವನ್ನು ಭಾರಿ ಒತ್ತಡದಲ್ಲಿ ನೂಕುವ ಟರ್ಬೊಪಂಪಿನೊಳಗೆ ತಿರುಗುವ ಭಾಗಕ್ಕೂ ಸ್ಥಿರ ಭಾಗಕ್ಕೂ ನಡುವೆ ಇರುವ ಅಂತರ ತೀರ ಕಿರಿದು. ಅಲ್ಲಿ ಎರಡೂ ಒಂದಕ್ಕೊಂದು ಉಜ್ಜಿ ಬಿಸಿಯಾದವು. ಆಮ್ಲಜನಕ ತುಂಬಿದ ಜಾಗದಲ್ಲಿ ಲೋಹವೇ ಹೊತ್ತಿಕೊಂಡು ಪಂಪ್ ಸಿಡಿಯಿತು. ಉಜ್ಜಿದ್ದೇಕೆ ಎಂಬುದಕ್ಕೆ ತಂಡ ಮೂರು ಸಾಧ್ಯತೆಗಳನ್ನು ಮುಂದಿಟ್ಟಿತು: ವಿನ್ಯಾಸದಲ್ಲೇ ತಾಳಿಕೆ ಸಾಲದಿರುವುದು, ಎಂಜಿನ್ನಿನೊಳಗೆ ಹೊರಗಿನ ಕಣಗಳು ಸೇರಿದ್ದು, ತಯಾರಿಕೆಯಲ್ಲಿ ಉಳಿದಿದ್ದ ದೋಷ. ಇಂಥದ್ದೇ ಎಂದು ಒಂದನ್ನೇ ಬೊಟ್ಟು ಮಾಡಲು ಸಾಕ್ಷ್ಯ ಸಾಲಲಿಲ್ಲ ಎಂಬುದನ್ನೂ ಬಿಚ್ಚಿ ಹೇಳಿತು. ತಯಾರಿಕೆಯ ದೋಷ ಎಂದು ಆರ್ಬಿಟಲ್, ಹೊರಗಿನ ಕಣ ಎಂದು ಏರೋಜೆಟ್ ವಾದಿಸಿದವು. ಕೊನೆಗೆ ಏರೋಜೆಟ್ 5 ಕೋಟಿ ಡಾಲರ್ ಕೊಟ್ಟು ವ್ಯವಹಾರ ಮುಗಿಸಿತು.

ವೇದಿಕೆಯ ದುರಸ್ತಿಗೆ ಸುಮಾರು 1.5 ಕೋಟಿ ಡಾಲರ್ ಬೇಕಾಯಿತು. ಆ ಖರ್ಚು ಯಾರ ತಲೆಯ ಮೇಲೆ ಎಂಬುದು ವರ್ಜೀನಿಯಾದಲ್ಲಿ ದೊಡ್ಡ ಚರ್ಚೆಯಾಯಿತು. ವೇದಿಕೆ ರಾಜ್ಯದ ಆಸ್ತಿ, ರಾಕೆಟ್ ಕಂಪನಿಯದು, ಸರಕು ನಾಸಾದ್ದು. ಲಾಭ ಖಾಸಗಿಗೆ, ನಷ್ಟ ಸಾರ್ವಜನಿಕರಿಗೆ ಎಂದಾಗಬಾರದು ಎಂಬ ಕಾಳಜಿ ಆ ಚರ್ಚೆಯ ತಿರುಳು.

ಎಂಟು ತಿಂಗಳಲ್ಲಿ ಮೂರು ಸೋಲು

ಆಂಟಾರೆಸ್ ಬಳಿಕ ನಿಲ್ದಾಣಕ್ಕೆ ಸರಕು ಒಯ್ಯುತ್ತಿದ್ದ ಇನ್ನೂ ಎರಡು ಯಾನಗಳು ಸೋತವು. 2015ರ ಏಪ್ರಿಲ್ 28ರಂದು ಹೊರಟ ರಷ್ಯದ ಪ್ರೋಗ್ರೆಸ್ ನೌಕೆ ನಿಯಂತ್ರಣ ತಪ್ಪಿ ಗಿರಗಿರನೆ ತಿರುಗುತ್ತ ಮೇ 8ರಂದು ವಾತಾವರಣದಲ್ಲಿ ಸುಟ್ಟುಹೋಯಿತು. ಜೂನ್ 28ರಂದು ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ಹೊರಟ 139 ಸೆಕೆಂಡಿಗೆ ಒಡೆಯಿತು. ಹಳೆಯ ಎಂಜಿನ್ನನ್ನು ಹಂಗಿಸಿದ್ದ ಕಂಪನಿಯ ಹೊಚ್ಚ ಹೊಸ ರಾಕೆಟ್ಟೂ ಸೋತಿತ್ತು. ಹೀಲಿಯಂ ಸಿಲಿಂಡರನ್ನು ಹಿಡಿದಿದ್ದ ಉಕ್ಕಿನ ಆಧಾರಪಟ್ಟಿ ಮುರಿದದ್ದು ಕಾರಣ ಎಂದು ಕಂಪನಿ ಜುಲೈನಲ್ಲಿ ಹೇಳಿತು. ಆ ಕೆಲಸಕ್ಕೆ ಅಂಥ ಬಿಡಿಭಾಗ ಆರಿಸಿದ್ದೇ ವಿನ್ಯಾಸದ ತಪ್ಪು ಎಂಬ ನಾಸಾ ತಂಡದ ಅಭಿಪ್ರಾಯ ಸಾರ್ವಜನಿಕರಿಗೆ ತಿಳಿದದ್ದು 2018ರಲ್ಲಿ. ಇಷ್ಟು ತಡವಾದದ್ದು ಸರಿಯಲ್ಲ. ಆ ಹೊತ್ತಿಗೆ ಜನರ ನೆನಪಿನಲ್ಲಿ ಮೊದಲ ವಿವರಣೆಯೇ ಗಟ್ಟಿಯಾಗಿತ್ತು.

ಭಾರತದ ಅನುಭವ

ಇಂಥ ಪ್ರತಿಕ್ರಿಯೆಗಳು ಭಾರತಕ್ಕೆ, ಅದರಲ್ಲೂ ಇಸ್ರೊದ ಕೇಂದ್ರ ಕಚೇರಿ ಇರುವ ಬೆಂಗಳೂರಿಗೆ ಅಪರಿಚಿತವಲ್ಲ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಬಂಗಾಳಕೊಲ್ಲಿಗೆ ಬಿದ್ದಾಗ, ಇಸ್ರೊ ಅಧ್ಯಕ್ಷರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್ ಪತ್ರಕರ್ತರನ್ನು ತಾವೇ ಎದುರಿಸಿದರು. ಮರುವರ್ಷ ಜುಲೈ 18ರಂದು ಗೆದ್ದಾಗ ಯೋಜನೆಯ ನೇತೃತ್ವ ವಹಿಸಿದ್ದ ಅಬ್ದುಲ್ ಕಲಾಂ ಅವರನ್ನು ಮುಂದೆ ಬಿಟ್ಟರು. ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅಧ್ಯಕ್ಷರಾಗಿದ್ದಾಗ 1987 ಮತ್ತು 1988ರಲ್ಲಿ ಎಎಸ್‌ಎಲ್‌ವಿ ಸತತ ಎರಡು ಸಲ ಸೋತಿತು. ಪತ್ರಿಕೆಗಳಲ್ಲಿ ಟೀಕೆ, ಲೇವಡಿ ಹರಿದವು. ರಾವ್ ತಂಡ ಕಾರಣಗಳನ್ನು ಬೆನ್ನುಹತ್ತಿ ಪರಿಹರಿಸಿತು. 1992ರ ಮೇ 20ರಂದು ಅದೇ ರಾಕೆಟ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಚಂದ್ರನ ಮೇಲೆ ಇಳಿಯಬೇಕಿದ್ದ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಸಂಪರ್ಕ ಕಡಿದುಕೊಂಡಾಗ ದೇಶದ ಪ್ರತಿಕ್ರಿಯೆ ಬದಲಾಗಿತ್ತು. ಅಣಕದ ಜಾಗದಲ್ಲಿ ಅಭಿಮಾನ ಉಕ್ಕಿತು. ಅದು ಸಂತೋಷದ ಸಂಗತಿ. ಆದರೆ ಲ್ಯಾಂಡರ್ ಬಿದ್ದದ್ದರ ವಿವರವಾದ ಕಾರಣಗಳನ್ನು ಆಗಿನ ಇಸ್ರೊ ಅಧ್ಯಕ್ಷ ಎಸ್. ಸೋಮನಾಥ್ ಜನರಿಗೆ ಬಿಡಿಸಿ ಹೇಳಿದ್ದು 2023ರಲ್ಲಿ, ಚಂದ್ರಯಾನ-3ರ ಹೊಸ್ತಿಲಲ್ಲಿ. 2021ರ ಆಗಸ್ಟ್‌ನ ಜಿಎಸ್‌ಎಲ್‌ವಿ-ಎಫ್10 ಸೋಲಿನ ವಿಷಯದಲ್ಲಿ ಮಾತ್ರ ಜಲಜನಕ ಟ್ಯಾಂಕಿನ ಕವಾಟದ ಸೋರಿಕೆಯೇ ಕಾರಣವೆಂಬ ತನಿಖೆಯ ಸಾರವನ್ನು ಸಂಸ್ಥೆ ತಿಂಗಳುಗಳಲ್ಲೇ ಪ್ರಕಟಿಸಿತು. ಅದೇ ಸರಿಯಾದ ದಾರಿ.

ಮರಳಿ ಹಾರಾಟ

ವಾಲಪ್ಸ್ ವೇದಿಕೆಯ ದುರಸ್ತಿ 2015ರ ಸೆಪ್ಟೆಂಬರ್ ಕೊನೆಗೆ ಮುಗಿಯಿತು. ಡಿಸೆಂಬರ್‌ನಲ್ಲಿ ಅಟ್ಲಾಸ್-5 ರಾಕೆಟ್ ಏರಿ ನಿಲ್ದಾಣ ತಲುಪಿದ ಸಿಗ್ನಸ್‌ಗೆ ಎರಡನೆಯ ಡೀಕ್ ಸ್ಲೇಟನ್ ಎಂದೇ ಹೆಸರಿಟ್ಟರು. ಹೊಸ ಆರ್‌ಡಿ-181 ಎಂಜಿನ್‌ಗಳ ಆಂಟಾರೆಸ್ 2016ರ ಅಕ್ಟೋಬರ್ 17ರಂದು ವಾಲಪ್ಸ್‌ನಿಂದಲೇ ಹಾರಿ ಯಶಸ್ವಿಯಾಯಿತು.

ಎರಡು ವರ್ಷಗಳ ಈ ಅವಧಿಯಲ್ಲಿ ವಾಲಪ್ಸ್‌ನ ನೆರೆಯವರು ಉಡಾವಣೆಗಳನ್ನು ವಿರೋಧಿಸಿ ನಿಲ್ಲಲಿಲ್ಲ, ಸರಕಾರ ಗುತ್ತಿಗೆ ರದ್ದು ಮಾಡಲಿಲ್ಲ, ಮಕ್ಕಳು ಪ್ರಯೋಗ ಕೈಬಿಡಲಿಲ್ಲ. ಆ ರಾತ್ರಿಯೇ ನಡೆದ ಪತ್ರಿಕಾಗೋಷ್ಠಿ, ಎಂಟನೆಯ ದಿನದ ವಿವರಣೆ, ಖಚಿತವಾಗಿ ತಿಳಿಯದ್ದನ್ನು ತಿಳಿಯಲಿಲ್ಲವೆಂದೇ ಬರೆದ ತನಿಖಾ ಸಾರಾಂಶ ಇದಕ್ಕೆ ನೆಲೆ ಒದಗಿಸಿದವು. ಬಾಹ್ಯಾಕಾಶ ಸಂಸ್ಥೆಗಳಿಗೆ ಅಭಿಮಾನಿಗಳಷ್ಟೇ ಸಾಲದು, ಪ್ರಶ್ನೆ ಕೇಳುವ ನಾಗರಿಕರೂ ಬೇಕು. ಸೋತ ದಿನ ವಿಜ್ಞಾನಿಗಳ ಬೆನ್ನಿಗೆ ನಿಲ್ಲುವುದು ನಮ್ಮ ಕರ್ತವ್ಯವಾದರೆ, ಸೋಲಿನ ಪೂರ್ಣ ವರದಿಯನ್ನು ಸಕಾಲದಲ್ಲಿ ನಮ್ಮ ಕೈಗಿಡುವುದು ಸಂಸ್ಥೆಗಳ ಕರ್ತವ್ಯ. ಅದನ್ನು ಕೇಳಿ ಪಡೆಯಲು ನಾವು ಹಿಂಜರಿಯಬಾರದು.